ವಿಮಾನದಡಿಯ ಹೂಂ

ಅಕ್ಕನ ಮನೆ ಸೇರಿರುವ ನನ್ನವಳಿಗೆ,

ಯುದ್ಧವಿಮಾನಗಳು ಈಗ ದಿನಕ್ಕೆ ಹನ್ನೊಂದು ಸಲ ತಾರಸಿ ಸವರಿಕೊಂಡು ಹೋಗುತ್ತವೆ. ನಾನು ರಿಪೇರಿಗೆ ಗಡಿಯಾರ ಬಿಚ್ಚಿ ಕೂತಾಗ ಆ ಅದುರಿಗೆ ಸ್ಕ್ರೂಗಳು ಚೆಲ್ಲದಂತೆ ನೀನು ಬೋರಲು ಹಾಕುತ್ತಿದ್ದ ಬಟ್ಟಲನ್ನು ಈಗ ನಾನೇ ಹಾಕಿಕೊಳ್ಳುತ್ತೇನೆ.

ಆ ಸದ್ದಿನಲ್ಲಿ ನೀನು ಏನಂದರೂ ಹೂಂ ಅನ್ನುವುದು ನನ್ನ ಚಾಳಿ. ಎರಡನೇ ಸಲ ಹೇಳಿಸಲು ಸೋಮಾರಿತನ. ಅವತ್ತು ನೀನು ಬಾಗಿಲಲ್ಲಿ ನಿಂತು ಏನೋ ಕೇಳಿದಾಗಲೂ ತಲೆಯ ಮೇಲೆ ವಿಮಾನವಿತ್ತು. ಹೂಂ ಅಂದೆ. ಮರುದಿನ ನೀನು ಪೆಟ್ಟಿಗೆ ಕಟ್ಟಿದೆ.

ಮೊನ್ನೆ ಫೋನಿನಲ್ಲಿ ನಿನ್ನ ಅಕ್ಕ, "ನೀವೇ ಹೂಂ ಅಂದ್ರಂತಲ್ಲ, ಇನ್ನೇನು ಮಾತು?" ಎಂದು ಇಟ್ಟುಬಿಟ್ಟರು.

ಅವತ್ತು ನೀನು ಏನು ಕೇಳಿದ್ದೆ ಎಂದು ಬರೆದು ಕಳಿಸು. ಕಾಗದಕ್ಕೆ ವಿಮಾನದ ಕಾಟವಿಲ್ಲ. ನಾನು ಅಂದುಕೊಂಡದ್ದನ್ನೇ ನೀನು ಕೇಳಿದ್ದರೆ, ನನ್ನ ಉತ್ತರ ಹೂಂ ಅಲ್ಲ.

ಇಂತಿ,
ನಿನ್ನ ಕಿವುಡಪ್ಪ