ಯಾರು ಕೊಟ್ಟರೂ ನಡೆಯುತ್ತೆ

ಮಾನ್ಯ ಅಥ್ಲೆಟಿಕ್ಸ್ ಸಂಘದ ಕಾರ್ಯದರ್ಶಿಗಳೇ,

ನೀವು ಸಹಿ ಹಾಕಿದ ವರದಿ ಸುಳ್ಳು. ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಮಹಿಳೆಯರ ಮೂವತ್ತೈದು ಕಿಲೋಮೀಟರ್ ವೇಗನಡಿಗೆಯಲ್ಲಿ ನಾನು ಅನರ್ಹಳಾದದ್ದು 'ಕ್ರೀಡಾಪಟುವಿನ ಸಂಬಂಧಿಯೊಬ್ಬರು ಭಾವೋದ್ವೇಗಕ್ಕೆ ಒಳಗಾಗಿ ನಿಯಮ ಉಲ್ಲಂಘಿಸಿದ್ದರಿಂದ' ಎಂದು ಅದರಲ್ಲಿದೆ. 'ತಂಡದ ಕಡೆಯಿಂದ ಯಾವುದೇ ಲೋಪ ನಡೆದಿರುವುದಿಲ್ಲ' ಎಂದೂ ಇದೆ. ಆ ಸಂಬಂಧಿ ನನ್ನ ಅಕ್ಕ. ನಡೆದೇ ಇಲ್ಲದ ಆ ಲೋಪ ತಮ್ಮದು. ಹಿಂದೆ ಬರೆದ ಮೂರು ಪತ್ರಗಳಿಗೆ ನಿಮ್ಮಿಂದ ಉತ್ತರ ಬರಲಿಲ್ಲ, ಹಾಗಾಗಿ ಈ ನಾಲ್ಕನೆಯದನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಮ್ಮ ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ವೇಗನಡಿಗೆಯಲ್ಲಿ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮಂಡಿ ಮಡಚಬಾರದು. ನೋಡುವವರಿಗೆ ನಗು ಬರುತ್ತದೆ, ಬರಲಿ. ನಮ್ಮ ಬೀದಿಯ ಮಕ್ಕಳು ನನ್ನನ್ನು ಬಾತುಕೋಳಿ ಆಂಟಿ ಎಂದೇ ಕರೆಯುತ್ತಾರೆ. ಒಂದು ಕಿಲೋಮೀಟರಿನ ರಸ್ತೆಯನ್ನು ಮೂವತ್ತೈದು ಸುತ್ತು ಹಾಕಬೇಕು. ಸುತ್ತಿನಲ್ಲೊಂದು ಕಡೆ ಆಯಾ ತಂಡದ ಮೇಜು ಇರುತ್ತದೆ. ಅದರ ಹಿಂದೆ ಪಾಸು ತೊಟ್ಟು ನಿಂತವರು ಮಾತ್ರ ನಮಗೆ ನಮ್ಮ ಬಾಟಲಿ ಕೊಡಬಹುದು. ಬೇಲಿಯ ಆಚೆಯವರಿಂದ ಒಂದು ಗುಟುಕು ತೆಗೆದುಕೊಂಡರೂ ಕಥೆ ಮುಗಿಯಿತು.

ಹನ್ನೊಂದು ವರ್ಷ ನನಗೆ ಬಾಟಲಿ ಕೊಟ್ಟವಳು ಅಕ್ಕ. ತನ್ನ ಹೊಲಿಗೆ ಅಂಗಡಿ ತೆರೆಯುವ ಮುನ್ನ, ಬೆಳಗಿನ ಐದೂವರೆಗೆಲ್ಲ, ಗೋದಾಮುಗಳ ಹಿಂದಿನ ರಸ್ತೆಯ ತಿರುವಿನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಬಾಟಲಿಗಳಿಗೆ ಅಂಗಿ ಹೊಲಿದಿದ್ದಳು: ಉಪ್ಪು ಸಕ್ಕರೆಯ ನೀರಿಗೆ ಒರಟು ಜೀನ್ಸ್ ಬಟ್ಟೆ, ಬರೀ ನೀರಿಗೆ ನುಣುಪಾದ ಲೈನಿಂಗ್ ಬಟ್ಟೆ. ನಾನು ತಲೆ ತಿರುಗಿಸಬಾರದು, ಲಯ ಕೆಡುತ್ತದೆ. ಅವಳು "ಬಲಗೈ!" ಎಂದರೆ ನನ್ನ ಬಲಗೈ ತಾನಾಗಿ ಚಾಚಬೇಕು, ಬಟ್ಟೆ ತಾಗಿದ ಕೂಡಲೇ ಬೆರಳು ಮುಚ್ಚಬೇಕು. "ಈ ಕಡೆ ನೋಡಿದ್ಯೋ, ಒದೆ ಬೀಳುತ್ತೆ. ನೀನು ರಸ್ತೆ ನೋಡ್ಕೋ, ನಿನ್ನ ನಾನು ನೋಡ್ಕೋತೀನಿ" ಎನ್ನುತ್ತಿದ್ದಳು. ಎಷ್ಟು ಸಾವಿರ ಸಲ ಹೀಗೆ ಮಾಡಿದ್ದೇವೋ ಲೆಕ್ಕವಿಲ್ಲ. ಒಮ್ಮೆಯೂ ಬಾಟಲಿ ಕೆಳಗೆ ಬಿದ್ದಿಲ್ಲ.

ಇದನ್ನು ನೀವೇ ಕಣ್ಣಾರೆ ಕಂಡಿದ್ದೀರಿ. ಆಯ್ಕೆಯ ವಾರ ಆ ತಿರುವಿಗೆ ಬಂದು, ಅಕ್ಕ ಎದ್ದು ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಕೂತು, "ಅಮ್ಮಾ, ಅಲ್ಲೂ ಮೇಜಿನ ಹಿಂದೆ ನೀವೇ ನಿಲ್ಲಬೇಕು. ಪಾಸು ಕೊಡಿಸೋದು ನನಗೆ ಬಿಡಿ" ಎಂದವರು ತಾವೇ ಅಲ್ಲವೇ? ಆ ಮಾತನ್ನು ನಂಬಿ ಅಕ್ಕ ಎರಡು ವಾರ ಅಂಗಡಿಗೆ ಬೀಗ ಹಾಕಿದಳು. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದಳು. ಬಾಟಲಿಗಳಿಗೆ ಹೊಸ ಅಂಗಿ ಹೊಲಿದು ತಂದಿದ್ದಳು. ಸ್ಪರ್ಧೆಯ ಹಿಂದಿನ ಸಂಜೆ ಹೋಟೆಲಿನ ಲಿಫ್ಟ್ ಮುಂದೆ ನೀವು ಸಿಕ್ಕಿರಿ, ಪಕ್ಕದಲ್ಲಿ ನಿಮ್ಮ ಭಾವಮೈದುನ. ಅಕ್ಕನ ಪಾಸು ಅವರ ಕೊರಳಲ್ಲಿತ್ತು. ಇದೇನು ಎಂದು ಕೇಳಿದೆ.

"ಬಾಟಲಿ ಕೊಡೋದೇನು ಮಹಾ ವಿದ್ಯೆನಾ? ಯಾರು ಕೊಟ್ಟರೂ ನಡೆಯುತ್ತೆ ಬಿಡಿ" ಎಂದಿರಿ. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ನಡೆಯುತ್ತೆ! ಹದಿನೈದು ವರ್ಷಗಳಿಂದ ನಡೆಯುವುದೊಂದನ್ನೇ ಕಲಿಯುತ್ತಿರುವವಳ ಎದುರು ಎಷ್ಟು ಸಲೀಸಾಗಿ ಆಡಿಬಿಟ್ಟಿರಿ ಆ ಮಾತನ್ನು.

ಇಪ್ಪತ್ತೆರಡನೆಯ ಸುತ್ತಿನವರೆಗೆ ನಿಮ್ಮ ಭಾವಮೈದುನ ಮೇಜಿನ ಹಿಂದಿದ್ದರು, ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಫೋನು. ಇಪ್ಪತ್ತಮೂರರಲ್ಲಿ ಅಲ್ಲಿ ಯಾರೂ ಇಲ್ಲ. ಬಾಟಲಿಗಳೆಲ್ಲ ಮೇಜಿನ ಹಿಂದೆ, ಮುಚ್ಚಳ ಹಾಕಿದ ಐಸ್ ಪೆಟ್ಟಿಗೆಯಲ್ಲಿ. ಮೇಜು ದಾಟಿ ಆಚೆ ಹೋಗಲು ನಮಗೆ ಅನುಮತಿಯಿಲ್ಲ. ಚಾಂಪಿಯನ್‌ಶಿಪ್‌ನವರು ಮಕ್ಕಳನ್ನು ನಗಿಸಲು ಕರಡಿ ವೇಷದವನೊಬ್ಬನನ್ನು ಬಿಟ್ಟಿದ್ದರು. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನಿಮ್ಮ ಭಾವಮೈದುನ ಫೋಟೋ ತೆಗೆಸಿಕೊಳ್ಳುತ್ತಿದ್ದುದನ್ನು ನಾನು ಒಂದಲ್ಲ, ಎರಡು ಸುತ್ತು ನೋಡಿದೆ. ಕರಡಿಯಾದರೂ ತನ್ನ ಕೆಲಸ ಮಾಡುತ್ತಿತ್ತು. ಆಯೋಜಕರು ಬೇರೆ ಮೇಜಿನಲ್ಲಿ ಎಲ್ಲರಿಗೂ ಇಟ್ಟಿದ್ದ ಬರೀ ನೀರು ಕುಡಿದೆ, ಎರಡು ಗಂಟೆ ಬಿಸಿಲಲ್ಲಿ ಬೆವರಿದ ಮೈಗೆ ಅದು ಯಾವ ಮೂಲೆಗೆ? ಮೀನಖಂಡ ಹಿಡಿದುಕೊಳ್ಳತೊಡಗಿತು. ಆಗ ನಾನು ಐದನೆಯವಳು. ನಡಿಗೆ ತಪ್ಪಿದ್ದಕ್ಕೆ ತೀರ್ಪುಗಾರರು ಕೊಡುವ ಕೆಂಪು ಚೀಟಿ ನನ್ನ ಹೆಸರಿನಲ್ಲಿ ಒಂದೂ ಇರಲಿಲ್ಲ.

ಅಕ್ಕ ಪ್ರೇಕ್ಷಕರ ಬೇಲಿಯ ಆಚೆ ನಿಂತಿದ್ದಳು, ನಮ್ಮ ಮೇಜು ಬರುವುದಕ್ಕೆ ಸ್ವಲ್ಪ ಮೊದಲು. ಕೈಯಲ್ಲಿ, ಮೇಜಿಗೆ ಕೊಟ್ಟು ಮಿಕ್ಕಿದ ಒಂದು ಬಾಟಲಿ. "ಆರು ಸುತ್ತು ಕೈ ಹಿಂದಕ್ಕೆ ಕಟ್ಕೊಂಡೇ ನಿಂತಿದ್ದೆ ಕಣೇ" ಎಂದು ಆಮೇಲೆ ಅತ್ತಳು. ಇಪ್ಪತ್ತೊಂಬತ್ತನೆಯ ಸುತ್ತಿನಲ್ಲಿ ನನ್ನ ಕಾಲು ತಡವರಿಸಿತು. "ಬಲಗೈ!" ಎಂದು ಕೇಳಿಸಿತು. ನಾನು ನೋಡಲಿಲ್ಲ. ಒರಟು ಬಟ್ಟೆ ತಾಗಿತು, ಬೆರಳು ಮುಚ್ಚಿತು. ಎರಡು ಗುಟುಕು ಒಳಗಿಳಿದ ಮೇಲೆ ಮುಂದೆ ನಮ್ಮ ಖಾಲಿ ಮೇಜು ಕಂಡಿತು. ಆಗ ಗೊತ್ತಾಯಿತು ನಾವೇನು ಮಾಡಿದೆವೆಂದು.

ಮುಖ್ಯ ತೀರ್ಪುಗಾರ್ತಿ ನನ್ನ ಮುಂದೆ ಅನರ್ಹತೆಯ ಕೆಂಪು ಫಲಕ ಎತ್ತಿದರು. ಆಕೆ ಮಾಡಿದ್ದು ಸರಿ. ತಪ್ಪು ನಮ್ಮದೇ, ಒಪ್ಪಿದೆ. ಆದರೆ ಅದು ಭಾವೋದ್ವೇಗವಲ್ಲ ಸ್ವಾಮಿ, ಹನ್ನೊಂದು ವರ್ಷದ ಅಭ್ಯಾಸ. ಆ ಅಭ್ಯಾಸ ಇರಬೇಕಾದದ್ದು ಮೇಜಿನ ಹಿಂದೆ. ಅದನ್ನು ಬೇಲಿಯ ಆಚೆ ನಿಲ್ಲಿಸಿದವರು ಯಾರು? ಅಕ್ಕ ಕೈ ಚಾಚಿದಳು, ನೀವು ಕೈ ಕೊಟ್ಟಿರಿ. ಈಗ ಅವಳಿಗೆ ಎರಡು ವರ್ಷ ಅಭ್ಯಾಸದ ಜಾಗಕ್ಕೆ ಕಾಲಿಡಬಾರದೆಂಬ ಶಿಕ್ಷೆ. ನಿಮ್ಮ ಭಾವಮೈದುನರಿಗೆ ತಂಡದ ಸ್ವಾಗತ ಸಭೆಯಲ್ಲಿ ಹೂಗುಚ್ಛ. ನಿಮ್ಮ ಮೇಲೆ ನನಗೆ ಸಿಟ್ಟಿದೆ ಎಂದರೆ ಕಡಿಮೆಯಾಯಿತು. ನಿಮ್ಮನ್ನು ನಾವು ನಂಬಿದ್ದೆವು, ಅದು ಹೊಟ್ಟೆ ಉರಿಸುತ್ತದೆ.

ನನಗೆ ಐದನೆಯ ಸ್ಥಾನ ವಾಪಸು ಬೇಡ. ಅಕ್ಕನ ಮೇಲಿನ ನಿಷೇಧ ತೆಗೆಯಿರಿ. 'ಇಪ್ಪತ್ತಮೂರನೆಯ ಸುತ್ತಿನಿಂದ ತಂಡದ ಮೇಜಿನ ಹಿಂದೆ ಯಾರೂ ಇರಲಿಲ್ಲ, ಅಲ್ಲಿ ನಿಲ್ಲಬೇಕಾದವರ ಪಾಸನ್ನು ನಾನು ಬೇರೆಯವರಿಗೆ ಕೊಟ್ಟಿದ್ದೆ' ಎಂದು ಬರೆದು, ಸಹಿ ಹಾಕಿ, ಅವಳ ಅಂಗಡಿಯ ವಿಳಾಸಕ್ಕೆ ಕಳಿಸಿ. ಅವಳು ಓದಲೇಬೇಕು. ಏಕೆಂದರೆ ನಿಮ್ಮ ವರದಿಯನ್ನು ಈ ಊರಿನಲ್ಲಿ ಪೂರ್ತಿ ನಂಬಿರುವವಳು ಅವಳೊಬ್ಬಳೇ.

ನಿನ್ನೆ ಅಭ್ಯಾಸ ಮುಗಿಸಿ ಬಂದು, "ಅಕ್ಕಾ, ನೀರು" ಎಂದು ಕೈ ಚಾಚಿದೆ. ಲೋಟ ತಂದಳು. ಅದನ್ನು ಊಟದ ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

"ನೀನೇ ತಗೋ. ನನ್ನ ಕೈಯಿಂದ ಬೇಡ."

ಯಾರು ಕೊಟ್ಟರೂ ನಡೆಯುತ್ತೆ ಎಂದಿರಲ್ಲ. ನನಗೆ ನಡೆಯುವುದಿಲ್ಲ.

ಇಂತಿ,
ಬಲಗೈ ಇನ್ನೂ ಚಾಚಿಕೊಂಡೇ ಇರುವ,
ನಿಮ್ಮ ವರದಿಯ 'ಕ್ರೀಡಾಪಟು'