ಪುಟ್ಟಿ ಬ್ಯಾಗಿಗೆ ಬನ್ ಹಾಕಬೇಡಿ

ರೀ,

ನಾನು ಶಾಲೆಗೆ ಹೊರಟೆ. ಈ ಚೀಟಿಯನ್ನು ಬನ್ ಡಬ್ಬಿಯ ಮೇಲೆಯೇ ಇಟ್ಟಿದ್ದೇನೆ, ಕಾಣಲಿಲ್ಲ ಅನ್ನಬೇಡಿ. ಪುಟ್ಟಿಯ ಬ್ಯಾಗಿಗೆ ಇವತ್ತು ಕ್ರೀಮ್ ಬನ್ ಹಾಕಬೇಡಿ, ನೀರಿನ ಬಾಟಲಿ ಸಾಕು. ಸಾಕ್ಸ್ ಕಿಟಕಿಯಲ್ಲಿದೆ, ಒಣಗಿದೆಯಾ ಅಂತ ಮುಟ್ಟಿ ನೋಡಿ.

ನಿಮ್ಮದು ಬೇಕರಿ, ಸರಿ. ಆದರೆ ಶಾಲೆಯ ಅಡುಗೆ ಮಾಡುವವಳು ನಾನು. ತರಕಾರಿ ಜಾಸ್ತಿ ಹಾಕೋಣ ಅಂತ ಹೆಡ್ಮೇಷ್ಟ್ರ ಹತ್ತಿರ ಗುದ್ದಾಡಿ ಒಪ್ಪಿಸಿದ್ದೂ ನಾನೇ. ಮಕ್ಕಳು ಈಗೀಗ ತಟ್ಟೆ ಖಾಲಿ ಮಾಡುತ್ತಿದ್ದರು. ನಿನ್ನೆ ನಿಮ್ಮ ಮಗಳು ಬನ್ ತೆಗೆದಳು ನೋಡಿ, ಪಕ್ಕದವನು ತಟ್ಟೆ ತಳ್ಳಿ, “ಅಡುಗೆಯವರ ಮಗಳೇ ತಿನ್ನಲ್ಲ, ನಾವ್ಯಾಕೆ ತಿನ್ಬೇಕು?” ಅಂದ. ಸಾಲಿಗೆ ಸಾಲೇ ಎದ್ದು ಕೈತೊಳೆಯಲು ಹೋಯಿತು. ಸೌಟು ಹಿಡಿದು ಪೆಚ್ಚಾಗಿ ನಿಂತೆ. ಬಕೆಟ್‌ಗಟ್ಟಲೆ ಊಟ ಚೆಲ್ಲಿದೆವು.

ಕೇಳಿದರೆ, ಮಗು ಹಸಿದಿರುತ್ತೆ ಅಂತೀರಿ. ನನ್ನ ಅಡುಗೆ ತಿಂದೇ ತಾನೆ ನಿಮ್ಮ ಬೆಲ್ಟಿಗೆ ಹೊಸ ತೂತು ಬೇಕಾಗಿದ್ದು?

ಸಂಜೆ ಅವಳನ್ನೂ ಗದರಿಸಿದೆ. ಏನಂದಳು ಗೊತ್ತಾ? “ನಂಗೆ ನಿನ್ನ ಊಟಾನೇ ಇಷ್ಟ ಅಮ್ಮಾ. ಬನ್ ವಾಪಸ್ ತಂದ್ರೆ ಅಪ್ಪ ಮುಖ ಸಣ್ಣ ಮಾಡ್ಕೋತಾರೆ.”

ಮಧ್ಯಾಹ್ನ ಬೇಕರಿಗೆ ಬಾಗಿಲು ಹಾಕಿ ಬರಿಗೈಲಿ ಶಾಲೆಗೆ ಬನ್ನಿ. ಎಲ್ಲರೆದುರು ಪುಟ್ಟಿಯ ಪಕ್ಕ ನೆಲದ ಮೇಲೆ ಕೂತು ಊಟ ಮಾಡಿ. ಇವತ್ತು ಕುಂಬಳಕಾಯಿ. ನಿಮಗೆ ಸೇರಲ್ಲ, ಗೊತ್ತು. ಎರಡನೇ ಸಲ ಕೇಳಿ ಹಾಕಿಸಿಕೊಳ್ಳಬೇಕು, ಅದೂ ನಗುನಗುತ್ತಾ.