ನಿಜವಾದ ಹಿಮದ ಬಗ್ಗೆ

ಹಾಸಿಗೆಯಿಂದ ಏಳಲಾಗದಿದ್ದರೂ ಪರ್ವತಗಳನ್ನೇರಿದ ಮಹಾಪ್ರವಾಸಿ ಅಕ್ಕನ ಸನ್ನಿಧಾನಕ್ಕೆ,

ನಿನ್ನ ತಮ್ಮ ಇವತ್ತು ನಿಜವಾದ ಹಿಮ ನೋಡಿದನೆಂದು ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ. ನಾವು ನಿನ್ನ ಕಂಬಳಿಯನ್ನು ಗುಡ್ಡದ ಹಾಗೆ ಮಡಚಿ, ಮೇಲೆ ಮೈದಾ ಜರಡಿ ಹಿಡಿದು, ಅದರ ಹಿಂದೆ ನಿನ್ನ ಮುಖವಿಟ್ಟು ಫೋಟೋ ತೆಗೆದು, 'ಶಿಖರದಿಂದ' ಎಂದು ಊರಿಗೆಲ್ಲ ಹಂಚುತ್ತಿದ್ದೆವಲ್ಲ, ಕಾಲಡಿಯ ಈ ಹಿಮ ಆ ಮೈದಾ ಹಿಮಕ್ಕಿಂತ ಕೊಳಕು. ಆಗೊಮ್ಮೆ ಚಿಕ್ಕಮ್ಮ ನಂಬಿಯೇಬಿಟ್ಟು, "ಇಂಥಾ ಸ್ಥಿತೀಲಿ ಅವಳನ್ನ ಯಾಕೋ ಹತ್ತಿಸಿದೆ, ಮಂಗ?" ಎಂದು ಫೋನಿನಲ್ಲಿ ಬೈದಿದ್ದಳು. ನೀನು ದಿಂಬು ಕಚ್ಚಿಕೊಂಡು ನಕ್ಕಿದ್ದೆ.

ನೀನು ಹೋದ ಮೇಲೆ ಇದು ನನ್ನ ಮೊದಲ ಪ್ರವಾಸ. ಫೋಟೋ ತೆಗೆದೆ, ಎಲ್ಲಿಯೂ ಹಾಕಲಿಲ್ಲ. ಹಾಕಿದರೆ ಈಗಲೂ ಎಲ್ಲರೂ ನಂಬುತ್ತಾರೆ. ಪಕ್ಕದಲ್ಲಿ ಕೂತು ನಗುವವರಿಲ್ಲ, ಅಷ್ಟೇ. ಬೆರಳು ಮರಗಟ್ಟಿದ್ದವು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದೆ, ಅದೂ ಬರಲಿಲ್ಲ.

ಅಷ್ಟರಲ್ಲಿ ಅಮ್ಮ ಫೋನ್ ಮಾಡಿದಳು.

"ಒಂದು ಫೋಟೋನೂ ಹಾಕಿಲ್ವಲ್ಲೋ?"

"ಇದು ರಹಸ್ಯ ಯಾತ್ರೆ ಅಮ್ಮ. ರಾಜಾಜ್ಞೆ ಆಗಿದೆ."

"ನಿನ್ನ ತಲೆ! ನನಗಾದ್ರೂ ಹೇಳು, ಹೇಗಿದೆ ಅಲ್ಲಿ?" ಆಮೇಲೆ ಕೇಳಿದಳು, "ಅವಳು ನೋಡ್ಬೇಕಿತ್ತು ಅನ್ನೋ ಹಾಗಿದ್ಯಾ?"

ಎದುರಿಗೆ ಬಿಸಿಲು ಬಿದ್ದು ಇಡೀ ಬೆಟ್ಟ ಹೊಳೆಯುತ್ತಿತ್ತು, ಅಕ್ಕ.

"ಇಲ್ಲಮ್ಮ," ಎಂದೆ. "ನೋಡೋಕೆ ಇಲ್ಲಿ ಏನೂ ಇಲ್ಲ."

"ಹಾಗಾದ್ರೆ ಪರ್ವಾಗಿಲ್ಲ ಬಿಡು," ಎಂದಳು ಅಮ್ಮ.